ಕರೂರಿನ ಕಾಲುವೆ ದಂಡೆಯಿಂದ ಕಂಠೀರವದವರೆಗೆ: ನನ್ನ ಮೊದಲ ಮ್ಯಾರಥಾನ್

(ಬಳ್ಳಾರಿಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಎದುರು ಧ್ವನಿಮುದ್ರಿಸಿದ ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಿಗೆ ಅನುಕೂಲವಾಗುವಷ್ಟು ಮಾತ್ರ ತಿದ್ದಲಾಗಿದೆ.)

ಹಿಂದಿನ ಬೆಂಚಿನವರಿಗೆ ಕೇಳಿಸ್ತಿದೆಯಾ? ಸರಿ.

ಪಾಡ್‌ಕಾಸ್ಟ್ ಕೇಳೋರಿಗೆ ಮೊದಲೇ ಒಂದು ಮಾತು. ಇವತ್ತಿನ ಸಂಚಿಕೆ ಎಂದಿನಂತೆ ಕರೂರಿನ ನಮ್ಮ ಮನೆಯಲ್ಲಿ, ಫ್ಯಾನ್ ಆಫ್ ಮಾಡಿ, ಕಿಟಕಿಗೆ ಕೌದಿ ಕಟ್ಟಿ ರೆಕಾರ್ಡ್ ಮಾಡಿದ್ದಲ್ಲ. ಬಳ್ಳಾರಿಯ ಒಂದು ಕಾಲೇಜಿನ ಸಭಾಂಗಣದಲ್ಲಿ ನಿಂತಿದ್ದೀನಿ. ಎದುರಿಗೆ ಇನ್ನೂರು ಮಂದಿ ಕೂತಿದ್ದಾರೆ. ಮೇಲೆ ಫ್ಯಾನ್‌ಗಳು ಗರಗರ ಅಂತಿವೆ, ಆ ಸದ್ದನ್ನ ಸ್ವಲ್ಪ ಸಹಿಸ್ಕೊಳ್ಳಿ. ಬಳ್ಳಾರಿಯಲ್ಲಿ ಫ್ಯಾನ್ ಆಫ್ ಮಾಡಿ ಅಂತ ಕೇಳೋ ಧೈರ್ಯ ನನಗಿಲ್ಲ. (ನಗು)

ಇದೇ ಕಾಲೇಜಿನವರು 2023ರ ಸೆಪ್ಟೆಂಬರ್‌ನಲ್ಲಿ ಒಮ್ಮೆ ನನ್ನ ಕರೆದಿದ್ರು. ಬಿಕಾಂ ಮಕ್ಕಳಿಗೆ ಪಾಡ್‌ಕಾಸ್ಟ್ ಬಗ್ಗೆ ಅರ್ಧ ಗಂಟೆ ಮಾತಾಡಿ ಅಂದ್ರು. ನಾನು ಒಪ್ಪಿಕೊಂಡೆ. ಹಿಂದಿನ ದಿನ ಸಂಜೆ ಫೋನ್ ಮಾಡಿ 'ಜ್ವರ ಬಂದಿದೆ ಮೇಡಂ' ಅಂದೆ. ಜ್ವರ ಬಂದಿರಲಿಲ್ಲ. ವೇದಿಕೆ ಮೇಲೆ ನಿಂತ್ರೆ ಫೋಟೋ ತೆಗೀತಾರೆ, ವಿಡಿಯೋ ಹಾಕ್ತಾರೆ, ನನ್ನ ಮೈ ಎಲ್ಲರಿಗೂ ಕಾಣ್ತದೆ ಅನ್ನೋದೇ ಕಾರಣ. ಆ ಮೇಡಂ ಇವತ್ತು ಮುಂದಿನ ಸಾಲಲ್ಲೇ ಕೂತಿದ್ದಾರೆ. ಮೇಡಂ, ಕ್ಷಮೆ ಇರಲಿ. (ನಗು, ಚಪ್ಪಾಳೆ)

ಆ ಸುಳ್ಳಿನಿಂದಲೇ ಶುರು ಮಾಡ್ತೀನಿ. ಯಾಕಂದ್ರೆ ನಾನು ಓಡೋಕೆ ಶುರು ಮಾಡಿದ್ದು ಅದರಿಂದಲೇ.

ದನಿ ಇದೆ, ಮುಖ ಇಲ್ಲ

ಲಾಕ್‌ಡೌನ್ ಟೈಮಲ್ಲಿ ಪಾಡ್‌ಕಾಸ್ಟ್ ಶುರು ಮಾಡಿದವಳು ನಾನು. ಯಾಕೆ ಯೂಟ್ಯೂಬ್ ಮಾಡಲಿಲ್ಲ ಅಂತ ತುಂಬ ಜನ ಕೇಳಿದ್ರು. 'ಆಡಿಯೋದಲ್ಲಿ ಒಂದು ಆಪ್ತತೆ ಇರ್ತದೆ' ಅಂತ ದೊಡ್ಡ ಮಾತು ಹೇಳ್ತಿದ್ದೆ. ನಿಜ ಏನಂದ್ರೆ, ಆಡಿಯೋದಲ್ಲಿ ತೂಕ ಕಾಣಲ್ಲ.

ನನ್ನ ಕೆಲಸ ಸಿರುಗುಪ್ಪದ ಒಂದು ಟ್ಯಾಕ್ಸ್ ಆಫೀಸಿನಲ್ಲಿ. ರೈಸ್ ಮಿಲ್ಲುಗಳ ಲೆಕ್ಕ, ಜಿಎಸ್‌ಟಿ ರಿಟರ್ನ್. ಬೆಳಿಗ್ಗೆ ಬಸ್ಸಲ್ಲಿ ಕೂರೋದು, ಆಫೀಸಲ್ಲಿ ಕೂರೋದು, ಸಂಜೆ ಬಸ್ಸಲ್ಲಿ ಕೂರೋದು, ರಾತ್ರಿ ಮೈಕ್ ಮುಂದೆ ಕೂರೋದು. ಹತ್ತು ಗಂಟೆಗೆ ಒಗ್ಗರಣಿ ಮಿರ್ಚಿ, ನಾಲ್ಕು ಗಂಟೆಗೆ ಚಹಾದ ಜೊತೆ ಮತ್ತೇನಾದ್ರೂ. ಒಗ್ಗರಣಿ ಮಿರ್ಚಿ ಬಿಟ್ಟು ಬಳ್ಳಾರಿ ಜಿಲ್ಲೆಯಲ್ಲಿ ಬದುಕೋಕೆ ಆಗ್ತದಾ ಹೇಳಿ.

ಆ ವರ್ಷ ದೀಪಾವಳಿ ಆದ ಮೇಲೆ ಒಂದು ಮಿಲ್ಲಿಗೆ ಲೆಕ್ಕದ ಪುಸ್ತಕ ತರೋಕೆ ಹೋಗಿದ್ದೆ. ಅಲ್ಲಿ ಚೀಲ ತೂಗೋ ಕಾಟಾ ಇತ್ತು. ಸುತ್ತ ಯಾರೂ ಇರಲಿಲ್ಲ. ಹತ್ತಿ ನಿಂತೆ. 96.4 ಅಂತ ತೋರಿಸ್ತು. ನಮ್ಮ ಕಡೆ ಭತ್ತದ ಚೀಲ ಅಂದ್ರೆ 75 ಕಿಲೋ. ಒಂದು ಚೀಲದ ಮೇಲೆ 21 ಕಿಲೋ ಜಾಸ್ತಿ ಇದ್ದೆ. ನನ್ನ ಎತ್ತರ ಐದು ಅಡಿ ಎರಡು ಇಂಚು.

ಮದುವೆ ಮಾತುಗಳ ಬಗ್ಗೆ ಜಾಸ್ತಿ ಹೇಳಲ್ಲ. ಇಲ್ಲಿರೋ ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ, ಗೊತ್ತಿದೆ. 'ಹುಡುಗಿ ಒಳ್ಳೇಕಿ, ಆದ್ರ...' ಅಂತ ಒಂದು ವಾಕ್ಯ ಶುರುವಾಗ್ತದಲ್ಲ, ಆ 'ಆದ್ರ' ನಮ್ಮ ಮನೆಗೆ ನಾಲ್ಕು ಸಲ ಬಂದು ಹೋಗಿತ್ತು.

ಎರಡು ಕಂಬ ಓಟ, ಮೂರು ಕಂಬ ನಡಿಗೆ

ಅದೇ ಹೊತ್ತಿಗೆ ಮ್ಯಾರಥಾನ್ ಇತಿಹಾಸದ ಬಗ್ಗೆ ಒಂದು ಸಂಚಿಕೆಗೆ ಓದ್ತಿದ್ದೆ. ಮ್ಯಾರಥಾನ್ ಅಂದ್ರೆ 42.195 ಕಿಲೋಮೀಟರ್. ಈ ವಿಚಿತ್ರ ಅಳತೆ ಬಂದಿದ್ದು 1908ರ ಲಂಡನ್ ಒಲಿಂಪಿಕ್ಸ್‌ನಿಂದ. 1921ರಲ್ಲಿ ಅದನ್ನೇ ಕಾಯಂ ಮಾಡಿದ್ರು. 1967ರಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಕ್ಯಾಥರಿನ್ ಸ್ವಿಟ್ಜರ್ ಅನ್ನೋ ಹುಡುಗಿ 261 ನಂಬರ್ ಹಾಕ್ಕೊಂಡು ಓಡ್ತಿದ್ಲು. ಓಟದ ಅಧಿಕಾರಿಯೇ ರಸ್ತೆಗೆ ಇಳಿದು ಅವಳನ್ನ ಹಿಡಿದು ಎಳೆಯೋಕೆ ನೋಡಿದ. ಆಕೆ ಓಟ ಮುಗಿಸಿದ್ಲು. ಹೆಂಗಸರ ಮೈ ಇಷ್ಟು ದೂರ ತಡೆಯಲ್ಲ ಅಂತ ಆಗ ನಂಬಿದ್ರು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಬಂದಿದ್ದೇ 1984ರಲ್ಲಿ. ಅಂದ್ರೆ ನಮ್ಮ ಅವ್ವ ಹುಟ್ಟಿದ ಎಷ್ಟೋ ವರ್ಷದ ಮೇಲೆ!

ಓದಿ ಮುಗಿಸಿದ ರಾತ್ರಿ ಅನ್ನಿಸ್ತು: ಓಡೋಕೆ ಜಿಮ್ ಬೇಡ, ಫೀಸು ಬೇಡ. ನಮ್ಮೂರಲ್ಲಿ ಹೆಂಗಸರಿಗೆ ಜಿಮ್ ಇಲ್ಲ. ರಸ್ತೆ ಅಂತೂ ಇದೆ.

ಮೊದಲ ದಿನ ಬೆಳಿಗ್ಗೆ ಐದಕ್ಕೆ ಎದ್ದು ಚೂಡಿದಾರ್ ಮೇಲೆ ಶೂ ಹಾಕ್ಕೊಂಡು ಊರ ಹೊರಗಿನ ಕಾಲುವೆ ದಂಡೆಗೆ ಹೋದೆ. ಓಡಿದೆ. ಎಷ್ಟು ಅಂತೀರಿ? ಒಂದು ಕರೆಂಟ್ ಕಂಬದಿಂದ ಇನ್ನೊಂದು ಕಂಬದವರೆಗೆ. ಎದೆ ಬಾಯಿಗೆ ಬಂತು. ಹೊಲಕ್ಕೆ ಹೊರಟಿದ್ದ ಅಜ್ಜಿ ಒಬ್ಬರು ನಿಂತು ಕೇಳಿದ್ರು, 'ಯಾಕವ್ವ, ಯಾರರ ಬೆನ್ನು ಹತ್ಯಾರೇನು?' ಪಾಪ, ಅವರಿಗೆ ನಿಜವಾಗ್ಲೂ ಗಾಬರಿ. ನಮ್ಮೂರಲ್ಲಿ ದೊಡ್ಡ ಹುಡುಗಿ ಸುಮ್ಮಸುಮ್ಮನೆ ಓಡೋದನ್ನ ಅವರು ನೋಡಿರಲಿಲ್ಲ.

ಗಂಡುಹುಡುಗರು ಓಡ್ತಿದ್ರು. ಸೈನ್ಯಕ್ಕೆ, ಪೊಲೀಸ್ ಕಾನ್ಸ್‌ಟೇಬಲ್ ಪರೀಕ್ಷೆಗೆ ತಯಾರಿ ಮಾಡೋ ಹುಡುಗರು. ಅವರನ್ನ ನೋಡಿ ಯಾರೂ ನಗಲ್ಲ. ಅವರ ಓಟದ ತುದಿಗೆ ಒಂದು ನೌಕರಿ ಇದೆ. ನಮ್ಮ ಕಡೆ ಓಡೋದಕ್ಕೆ ಒಂದು ಕಾರಣ ಬೇಕು. 'ನನಗೋಸ್ಕರ ಓಡ್ತೀನಿ' ಅಂದ್ರೆ ಅದು ಕಾರಣ ಅಲ್ಲ. ನಾನು 'ಡಾಕ್ಟರ್ ಹೇಳಿದ್ದಾರೆ' ಅಂತ ಎಲ್ಲರಿಗೂ ಹೇಳಿಬಿಟ್ಟೆ. ಅದೂ ಸುಳ್ಳೇ. ಆದ್ರೆ ಕೆಲಸ ಮಾಡ್ತು.

ಎರಡು ಕಂಬ ಓಡೋದು, ಮೂರು ಕಂಬ ನಡಿಯೋದು. ಮೊದಲ ತಿಂಗಳು ಇಷ್ಟೇ. ಆಮೇಲೆ ಗೊತ್ತಾಯ್ತು, ಇದಕ್ಕೂ ಒಂದು ಪದ್ಧತಿ ಇದೆ ಅಂತ. ಜೆಫ್ ಗ್ಯಾಲೋವೇ ಅಂತ ಅಮೆರಿಕದ ಒಲಿಂಪಿಕ್ ಓಟಗಾರ, ಓಟದ ನಡುವೆ ಬೇಕಂತಲೇ ನಡಿಯೋದನ್ನ ಸಾವಿರಾರು ಜನರಿಗೆ ಕಲಿಸಿದವರು. ಸುಸ್ತಾದ ಮೇಲೆ ನಡಿಯೋದಲ್ಲ. ಸುಸ್ತಾಗೋ ಮುಂಚೆ ನಡಿಯೋದು. ನಡಿಗೆ ಸೋಲು ಅಂತ ತಿಳ್ಕೊಂಡಿದ್ದ ನನಗೆ ಅದು ದೊಡ್ಡ ಸಮಾಧಾನ.

ಕತ್ತಲಲ್ಲಿ ಒಬ್ಬಳೇ ಹೋಗೋದು ಅಪ್ಪನಿಗೆ ಇಷ್ಟ ಇರಲಿಲ್ಲ. ಬೇಡ ಅನ್ನಲಿಲ್ಲ. ತಮ್ಮನನ್ನ ಎಬ್ಬಿಸಿ ಕಳಿಸಿದ್ರು. ಅವನು ಟಿವಿಎಸ್ ಎಕ್ಸ್‌ಎಲ್ ಮೇಲೆ ಲೈಟ್ ಹಾಕ್ಕೊಂಡು, ನಿದ್ದೆಗಣ್ಣಲ್ಲಿ ನನ್ನ ಹಿಂದೆ ಬರ್ತಿದ್ದ. ನಾಯಿ ಬಂದ್ರೆ ಹಾರ್ನ್ ಹೊಡೀತಿದ್ದ. ನನ್ನ ಮೊದಲ ಕೋಚ್ ಅವನೇ ಅಂತ ಹೇಳ್ಕೊಂಡು ತಿರುಗ್ತಾನೆ.

ಯುಗಾದಿ ಹೋಳಿಗೆ

ಈಗ ನಾನು ಮಾಡಿದ ತಪ್ಪು. ನೀವೆಲ್ಲ ಕಾಮರ್ಸ್ ಮಕ್ಕಳು, ಲೆಕ್ಕದಲ್ಲೇ ಹೇಳ್ತೀನಿ.

ಒಬ್ಬ ಮನುಷ್ಯ ಒಂದು ಕಿಲೋಮೀಟರ್ ಓಡಿದ್ರೆ ಅಂದಾಜು ಅವನ ತೂಕದಷ್ಟು ಕ್ಯಾಲೊರಿ ಖರ್ಚಾಗ್ತದೆ. 94 ಕಿಲೋ ಇದ್ದಾಗ 5 ಕಿಲೋಮೀಟರ್ ಓಡಿದ್ರೆ 470. ಮೈಯಲ್ಲಿರೋ ಒಂದು ಕಿಲೋ ಕೊಬ್ಬು ಅಂದ್ರೆ ಸುಮಾರು 7700 ಕ್ಯಾಲೊರಿ. ಅಂದ್ರೆ ದಿನಾ 5 ಕಿಲೋಮೀಟರ್ ಓಡಿದ್ರೂ ಒಂದು ಕಿಲೋ ಕರಗೋಕೆ ಹದಿನಾರು ದಿನ. ಅದೂ ಒಂದು ಮಿರ್ಚಿ ಜಾಸ್ತಿ ತಿನ್ನದೇ ಇದ್ರೆ. ಇದನ್ನ ನೋಡಿ ನನಗೆ ಸಿಟ್ಟು ಬಂತು. ಇಷ್ಟು ನಿಧಾನ ಆದ್ರೆ ಹೆಂಗೆ ಅಂತ ಊಟಕ್ಕೆ ಕತ್ತರಿ ಹಾಕಿದೆ. ಮೊದಲು ಎಣ್ಣೆ ತಿಂಡಿ ಬಿಟ್ಟೆ. ಅದು ಸರಿ. ಆಮೇಲೆ ಅನ್ನ ಬಿಟ್ಟೆ. ಆಮೇಲೆ ರಾತ್ರಿ ರೊಟ್ಟಿನೂ ಬಿಟ್ಟೆ. ಸೌತೆಕಾಯಿ, ಮಜ್ಜಿಗೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಓಟ.

ಮೊಬೈಲಲ್ಲಿ ಒಂದು ಶೀಟ್ ಮಾಡಿಕೊಂಡಿದ್ದೆ. ದಿನಾ ತೂಕ ಬರೆಯೋದು. ಇಳಿದ ದಿನ ಹಸಿರು ಬಣ್ಣ, ಏರಿದ ದಿನ ಕೆಂಪು. ಡಿಸೆಂಬರ್, ಜನವರಿ, ಫೆಬ್ರವರಿ, ಎಲ್ಲ ಹಸಿರು. ಜನ ಹೊಗಳೋಕೆ ಶುರು ಮಾಡಿದ್ರು. 'ಎಷ್ಟು ಇಳ್ದಿಯವ್ವ, ಏನ್ ಮಾಡ್ತಿ?' ಅಂತ ಬಸ್ಸಲ್ಲಿ ಕೇಳ್ತಿದ್ರು. ಆ ಮಾತು ಒಗ್ಗರಣಿ ಮಿರ್ಚಿಗಿಂತ ರುಚಿ. ಬೆಂಗಳೂರಿನಲ್ಲಿ ಏಪ್ರಿಲ್ 28ಕ್ಕೆ ಇದ್ದ ವರ್ಲ್ಡ್ 10ಕೆ ಓಟಕ್ಕೆ ದುಡ್ಡು ಕಟ್ಟಿ ಹೆಸರು ಕೊಟ್ಟೆ.

2024ರ ಯುಗಾದಿ ಏಪ್ರಿಲ್ 9ಕ್ಕೆ ಬಂತು. ಅವ್ವ ತಟ್ಟೆಗೆ ಹೋಳಿಗೆ ಹಾಕಿದ್ರು. ನಾನು ಅದನ್ನ ಎತ್ತಿ ವಾಪಸ್ ಬುಟ್ಟಿಗೆ ಇಟ್ಟೆ. ಅವ್ವ ಏನೂ ಅನ್ನಲಿಲ್ಲ. ಎದ್ದು ಒಳಗೆ ಹೋದ್ರು. ಅವತ್ತು ಅವರೂ ಹೋಳಿಗೆ ತಿನ್ನಲಿಲ್ಲ ಅಂತ ತಮ್ಮ ಆಮೇಲೆ ಹೇಳಿದ.

ಐದು ದಿನಕ್ಕೆ ಭಾನುವಾರ. 15 ಕಿಲೋಮೀಟರ್ ಓಡೋ ದಿನ. ತಮ್ಮ ಊರಲ್ಲಿರಲಿಲ್ಲ. ಒಬ್ಬಳೇ ಹೋದೆ. ನಿಮಗೆ ನೆನಪಿರಬೇಕು, 2023ರಲ್ಲಿ ಬರ. ಡ್ಯಾಮಲ್ಲಿ ನೀರಿಲ್ಲ, ಆ ಬೇಸಿಗೆಯಲ್ಲಿ ಎರಡನೇ ಬೆಳೆ ಇಲ್ಲ. ಕಾಲುವೆ ಒಣಗಿ ಬಿರುಕು ಬಿಟ್ಟಿತ್ತು. ಎರಡೂ ಕಡೆ ಬರೀ ಕರಿ ಎರೆ ಭೂಮಿ. ಆರೂವರೆಗೇ ಬಿಸಿಲು ಚುಚ್ಚುತ್ತಿತ್ತು. ಹನ್ನೊಂದನೇ ಕಿಲೋಮೀಟರ್‌ನಲ್ಲಿ ಕಿವಿಯಲ್ಲಿ ಗುಂಯ್ ಅನ್ನೋ ಸದ್ದು ಬಂತು. ಆಮೇಲೆ ನೆನಪಿರೋದು, ನಾನು ನೆಲದ ಮೇಲೆ ಕೂತಿದ್ದೀನಿ, ಮುಖದ ಮೇಲೆ ನೀರು.

ಬೆಳೆ ಇಲ್ಲದ ಹೊಲದಲ್ಲಿ ಕುರಿ ಹಟ್ಟಿ ಹಾಕಿದ್ರು. ಕುರಿ ಕಾಯೋ ಅಜ್ಜ ಒಬ್ಬರು ನಾನು ಬಿದ್ದಿದ್ದು ನೋಡಿ ಓಡಿ ಬಂದಿದ್ರು. ನನ್ನ ಎಬ್ಬಿಸಿ, ನೆರಳಿಗೆ ಕೂರಿಸಿ, ಬುತ್ತಿ ಬಿಚ್ಚಿ ಅರ್ಧ ರೊಟ್ಟಿ, ಉಳ್ಳಾಗಡ್ಡಿ, ಖಾರ ಕೊಟ್ರು. ನಾನು 'ಬೇಡ ಅಜ್ಜ, ಡಯಟ್' ಅಂದೆ. ನಿಜವಾಗ್ಲೂ ಅಂದೆ. ಆ ಸ್ಥಿತಿಯಲ್ಲೂ. ಅವರಿಗೆ ಆ ಪದ ಗೊತ್ತಿರಲಿಲ್ಲ. 'ಉಪಾಸ ಏನು?' ಅಂದ್ರು. ಆಮೇಲೆ ಹೇಳಿದ್ರು, 'ಕುರಿಗೂ ಹೊಟ್ಟಿಗಿಲ್ದಿದ್ರ ನಡೆಯಂಗಿಲ್ಲ ತಾಯಿ. ನಾ ದಿನಾ ಅವುಗಳ ಹಿಂದ ನಡೀತೀನಿ. ಉಂಡು ನಡೀತೀನಿ.'

ಆ ಅರ್ಧ ರೊಟ್ಟಿ ತಿಂದೆ. ತಿನ್ನುವಾಗ ಅಳು ಬಂತು.

ಲಾಭ ಅಂತ ಬರ್ಕೊಂಡಿದ್ದು

ಮರುದಿನ ಅವ್ವ ನನ್ನನ್ನ ಬಳ್ಳಾರಿಗೆ ಡಾಕ್ಟರ್ ಹತ್ರ ಕರ್ಕೊಂಡು ಬಂದ್ರು. ರಕ್ತ ಪರೀಕ್ಷೆ ಮಾಡಿದ್ರು. ಹಿಮೋಗ್ಲೋಬಿನ್ 8.4. ಹೆಂಗಸರಿಗೆ 12ರ ಮೇಲೆ ಇರಬೇಕು. ಡಾಕ್ಟರ್ ಕೇಳಿದ್ರು, 'ಮೆಟ್ಟಿಲು ಹತ್ತಿದ್ರೆ ಸುಸ್ತಾಗ್ತಿತ್ತಾ? ಕೂದಲು ಉದುರ್ತಿತ್ತಾ? ಮುಟ್ಟಿನ ಟೈಮಲ್ಲಿ ಜಾಸ್ತಿ ಹೋಗ್ತದಾ?' ಎಲ್ಲಕ್ಕೂ ಹೌದು. ಅದೆಲ್ಲ ಓಡೋದ್ರಿಂದ ಆಗೋ ಸುಸ್ತು ಅಂತ ತಿಳ್ಕೊಂಡಿದ್ದೆ.

ಇದು ನನ್ನೊಬ್ಬಳ ಕಥೆ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ ಇದೆ. ಈ ಸಭಾಂಗಣದಲ್ಲಿ ನೂರು ಜನ ಹುಡುಗಿಯರಿದ್ರೆ ಲೆಕ್ಕ ಹಾಕಿ. ದಪ್ಪ ಇರೋರಿಗೆ ರಕ್ತ ಕಮ್ಮಿ ಇರಲ್ಲ ಅಂತ ನಾವು ತಿಳ್ಕೊಂಡಿರ್ತೀವಿ. ಅದು ತಪ್ಪು. ನನ್ನ ಮೈಯಲ್ಲಿ ಎರಡೂ ಒಟ್ಟಿಗೆ ಇದ್ವು.

ಡಾಕ್ಟರ್ ಹೇಳಿದ್ದು: ಒಂದು ತಿಂಗಳು ಓಟ ಬೇಡ, ಬರೀ ನಡಿಗೆ. ಕಬ್ಬಿಣಾಂಶದ ಮಾತ್ರೆ. ಮಾತ್ರೆ ಜೊತೆ ಚಹಾ ಕುಡಿಬೇಡಿ, ಚಹಾ ಅದನ್ನ ಮೈಗೆ ಹತ್ತಗೊಡಲ್ಲ. ನಿಂಬೆಹಣ್ಣಿನ ನೀರಿನ ಜೊತೆ ತಗೊಳ್ಳಿ. ಮೂರು ಹೊತ್ತು ಊಟ ಮಾಡಿ.

10ಕೆ ಓಟ ಹೋಯ್ತು. ಏಪ್ರಿಲ್ 28ರ ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿ ಬೇರೆಯವರು ಓಡೋದನ್ನ ಮೊಬೈಲಲ್ಲಿ ನೋಡಿದೆ. ಅವತ್ತು ಸಂಜೆ ನನ್ನ ಶೀಟ್ ತೆಗೆದು ಕೂತೆ. ಅಷ್ಟೂ ಹಸಿರು. ನಮ್ಮ ಆಫೀಸಿಗೆ ಒಮ್ಮೆ ಒಬ್ಬ ಅಂಗಡಿಯವರು ಬಂದಿದ್ರು. 'ಮೂರು ತಿಂಗಳಿಂದ ಕೈಯಲ್ಲಿ ಚೆನ್ನಾಗಿ ದುಡ್ಡು ಆಡ್ತಿದೆ, ವ್ಯಾಪಾರ ಸುಧಾರಿಸಿದೆ' ಅಂದ್ರು. ಲೆಕ್ಕ ನೋಡಿದ್ರೆ, ಅವರು ಸ್ಟಾಕ್ ಮಾರಿದ್ದರು, ಹೊಸ ಮಾಲು ತಂದೇ ಇರಲಿಲ್ಲ. ಬಂಡವಾಳ ಕರಗ್ತಿತ್ತು, ಅವರು ಅದನ್ನ ಲಾಭ ಅಂತ ತಿಳ್ಕೊಂಡಿದ್ರು. ನಾನೂ ಅದನ್ನೇ ಮಾಡಿದ್ದೆ. ಇಳಿದ ಹದಿಮೂರು ಕಿಲೋದಲ್ಲಿ ಕೊಬ್ಬೆಷ್ಟು, ಮಾಂಸಖಂಡ ಎಷ್ಟು, ತ್ರಾಣ ಎಷ್ಟು ಅಂತ ಕಾಟಾ ಹೇಳಲ್ಲ. ಅದಕ್ಕೆ ಒಂದೇ ನಂಬರ್ ಗೊತ್ತು. ಭತ್ತ ತೂಗೋಕೆ ಅದು ಸಾಕು.

ಶೀಟ್ ಅಳಿಸಲಿಲ್ಲ. ಇನ್ನೂ ನಾಲ್ಕು ಕಾಲಂ ಸೇರಿಸಿದೆ. ಎಷ್ಟು ಗಂಟೆ ನಿದ್ದೆ, ಏನು ಊಟ, 5 ಕಿಲೋಮೀಟರ್‌ಗೆ ಎಷ್ಟು ನಿಮಿಷ, ಮತ್ತೆ ಎರಡು ತಿಂಗಳಿಗೊಮ್ಮೆ ಹಿಮೋಗ್ಲೋಬಿನ್. ತೂಕ ವಾರಕ್ಕೊಮ್ಮೆ ಮಾತ್ರ. ಹಸಿರು-ಕೆಂಪು ತೆಗೆದುಹಾಕಿದೆ.

ಗೇಟ್ ಕಿತ್ತು ಹೋದ ಭಾನುವಾರ

ಜೂನ್‌ನಲ್ಲಿ ಮತ್ತೆ ಶುರು ಮಾಡಿದೆ. ಮತ್ತೆ ಕಂಬ ಎಣಿಸೋದ್ರಿಂದ. ಈ ಸಲ ಗುರಿ ದೊಡ್ಡದು, ಅಕ್ಟೋಬರ್ 20ರ ಬೆಂಗಳೂರು ಮ್ಯಾರಥಾನ್. ಇಷ್ಟಾದ ಮೇಲೂ ಪೂರ್ತಿ ಮ್ಯಾರಥಾನ್ ಯಾಕೆ ಅಂತ ಡಾಕ್ಟರೂ ಕೇಳಿದ್ರು. ಹಾಫ್ ಓಡಬಹುದಿತ್ತು. ಓಡಬೇಕಾಗಿತ್ತು ಅಂತ ಇವತ್ತು ನಿಮಗೆ ಹೇಳ್ತೀನಿ. ಆದ್ರೆ ಅವತ್ತು ನನಗೆ ಅರ್ಧ ಯಾವುದೂ ಬೇಡವಾಗಿತ್ತು. ಆಗಸ್ಟ್‌ನಲ್ಲಿ ರಕ್ತ 11 ದಾಟಿದ್ರೆ ಓಡು, ಇಲ್ಲಾಂದ್ರೆ ಬಿಡು ಅಂತ ಡಾಕ್ಟರ್ ಷರತ್ತು ಹಾಕಿದ್ರು. 11.2 ಬಂತು.

ವಾರಕ್ಕೆ ನಾಲ್ಕು ದಿನ ಓಟ. ಮೂರು ದಿನ ಸಣ್ಣದು, ಪಕ್ಕದವರ ಜೊತೆ ಮಾತಾಡ್ತಾ ಓಡೋಕೆ ಆಗುವಷ್ಟು ನಿಧಾನ. ಭಾನುವಾರ ಉದ್ದ ಓಟ, ಪ್ರತಿ ವಾರ ಒಂದೂವರೆ, ಎರಡು ಕಿಲೋಮೀಟರ್ ಏರಿಸ್ತಾ, ನಾಲ್ಕನೇ ವಾರ ಇಳಿಸ್ತಾ. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಓಡೋ ಮುಂಚೆ ಎರಡು ಬಾಳೆಹಣ್ಣು. ಜೇಬಲ್ಲಿ ಖರ್ಜೂರ, ಬೆಲ್ಲ. ಬಾಟಲಿಯಲ್ಲಿ ಓಆರ್‌ಎಸ್. ನಮ್ಮ ಬಿಸಿಲಿಗೆ ಬರೀ ನೀರು ಸಾಲಲ್ಲ. ಬೆವರಲ್ಲಿ ಉಪ್ಪು ಹೋಗ್ತದೆ. ಗಂಟೆಗಟ್ಟಲೆ ಓಡ್ತಾ ಬರೀ ನೀರನ್ನೇ ಹೊಟ್ಟೆ ತುಂಬ ಕುಡಿದ್ರೂ ಅಪಾಯ.

ಹೆಣ್ಣುಮಕ್ಕಳಿಗೆ ಎರಡು ಮಾತು, ಯಾರೂ ಹೇಳಲ್ಲ ಅಂತ ಹೇಳ್ತೀನಿ. ಶೂಗಿಂತ ಮೊದಲು ಒಳ್ಳೇ ಸ್ಪೋರ್ಟ್ಸ್ ಬ್ರಾ ತಗೊಳ್ಳಿ. ನನ್ನ ಸೈಜಿಂದು ಅಂಗಡಿಯಲ್ಲಿ ಸಿಗದೆ ಆನ್‌ಲೈನಲ್ಲಿ ತರಿಸಿದೆ. ತೊಡೆ ಉಜ್ಜಿ ಹುಣ್ಣಾಗೋ ಕಡೆ ವ್ಯಾಸಲೀನ್ ಹಚ್ಚಿ. ನಾಚಿಕೆಯಿಂದ ಸುಮ್ಮನಿದ್ದು ಮೊದಲ ತಿಂಗಳು ನಾನು ಪಟ್ಟ ನೋವು ಓಟದಲ್ಲಿ ಪಟ್ಟಿಲ್ಲ.

ಆಗಸ್ಟ್ 11, ಭಾನುವಾರ. 18 ಕಿಲೋಮೀಟರ್ ದಿನ. ಈಗ ಕಾಲುವೆಯಲ್ಲಿ ನೀರಿತ್ತು, ಡ್ಯಾಮ್ ತುಂಬಿತ್ತು, ಗದ್ದೆಗಳಲ್ಲಿ ನಾಟಿ ನಡೀತಿತ್ತು. ಬೆಳಿಗ್ಗೆ ಶೂ ಕಟ್ಟಿಕೊಂಡು ಹೊರಗೆ ಬಂದ್ರೆ ಅಪ್ಪ ಕಟ್ಟೆ ಮೇಲೆ ಫೋನ್ ಹಿಡ್ಕೊಂಡು ಕೂತಿದ್ರು. ಹಿಂದಿನ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟ್‌ನ ಚೈನ್ ತುಂಡಾಗಿ ಗೇಟ್ ಕೊಚ್ಚಿಕೊಂಡು ಹೋಗಿತ್ತು. ನಿಮಗೆಲ್ಲ ಗೊತ್ತೇ ಇದೆ. 33 ಗೇಟಲ್ಲಿ ಒಂದು ಹೋಗಿದ್ದಕ್ಕೆ ನಾಲ್ಕು ಜಿಲ್ಲೆ ನಿದ್ದೆಗೆಟ್ವು. ಹೋದ ವರ್ಷ ಬರ, ಈ ವರ್ಷ ತುಂಬಿದ ನೀರು ನದಿಗೆ ಹರೀತಿದೆ. ಅಪ್ಪ ಆಗಷ್ಟೇ ಸಾಲ ಮಾಡಿ ನಾಟಿ ಮಾಡಿಸಿದ್ರು.

ನನಗೆ ನಾಚಿಕೆ ಆಯ್ತು. ಇಂಥ ಹೊತ್ತಲ್ಲಿ ನಾನು ಓಡೋಕೆ ಹೊರಟಿದ್ದೀನಲ್ಲ ಅಂತ. ಶೂ ಬಿಚ್ಚೋಕೆ ಕೂತೆ. ಅಪ್ಪ ಕೇಳಿದ್ರು, 'ಇವತ್ತು ಎಷ್ಟಿತ್ತು?' '18.' 'ಹೋಗು ಹಂಗಾದ್ರ. ನೀ ಮನ್ಯಾಗ ಕುಂತ್ರ ಗೇಟ್ ಕುಂದ್ರತದೇನು?'

ಅಪ್ಪನಿಗೆ ನನ್ನ ಕಿಲೋಮೀಟರ್ ಲೆಕ್ಕ ಗೊತ್ತಿತ್ತು ಅನ್ನೋದು ನನಗೆ ಅವತ್ತೇ ಗೊತ್ತಾಗಿದ್ದು. ಹೋದೆ. ಕಾಲುವೆ ದಂಡೆ ಉದ್ದಕ್ಕೂ ರೈತರು ಗುಂಪು ಗುಂಪಾಗಿ ನಿಂತಿದ್ರು. ಯಾರೂ ನನ್ನ ನೋಡಿ ನಗಲಿಲ್ಲ. ನನ್ನ ಮೈ ಬಗ್ಗೆ ನಾನೂ ಯೋಚನೆ ಮಾಡಲಿಲ್ಲ. ಒಂದು ವಾರದೊಳಗೆ ತಜ್ಞ ಕನ್ನಯ್ಯ ನಾಯ್ಡು ಮತ್ತೆ ಅವರ ಜೊತೆಯವರು ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಇಳಿಸಿದ್ರು. ಆಮೇಲೆ ಮಳೆ ಬಂದು ಡ್ಯಾಮ್ ಮತ್ತೆ ತುಂಬ್ತು. ಬೆಳೆ ಉಳೀತು.

ಸೆಪ್ಟೆಂಬರ್ ಕೊನೆಗೆ 29 ಕಿಲೋಮೀಟರ್ ಓಡಿದೆ. ಅಷ್ಟರಲ್ಲಿ ನನ್ನ ಜೊತೆ ಒಬ್ಬ ಹುಡುಗಿನೂ ಬರ್ತಿದ್ಲು, ಪಿಯುಸಿ ಮುಗಿಸಿ ಕಾನ್ಸ್‌ಟೇಬಲ್ ಪರೀಕ್ಷೆಗೆ ಓದ್ತಿರೋಳು. ಹೆಣ್ಣುಮಕ್ಕಳು 400 ಮೀಟರ್‌ನ ಎರಡು ನಿಮಿಷದೊಳಗೆ ಓಡಬೇಕು. ಹುಡುಗರ ಜೊತೆ ಅಭ್ಯಾಸ ಮಾಡೋಕೆ ಅವರ ಮನೆಯಲ್ಲಿ ಬಿಡ್ತಿರಲಿಲ್ಲ. 'ಅಕ್ಕನ ಜೊತಿ ಹೋಗ್ತೀನಿ' ಅಂದ್ರೆ ಬಿಟ್ರು. ಅವಳು ನನಗಿಂತ ಎಷ್ಟೋ ಜೋರು. ಮುಂದೆ ಓಡಿ ಹೋಗಿ, ವಾಪಸ್ ಬಂದು, ಮತ್ತೆ ಹೋಗ್ತಿದ್ಲು.

42.195

ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ವಿ. ನಾನು ಮತ್ತೆ ಅವ್ವ. ಅವರು ಬರ್ತೀನಿ ಅಂತ ಹಟ ಹಿಡಿದ್ರು. 'ಮತ್ತ ಎಲ್ಲರ ಬಿದ್ದಿ ಅಂದ್ರ?' ಬುತ್ತಿ ಗಂಟಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ. ಬೆಂಗಳೂರಲ್ಲಿ ಚಿಕ್ಕಮ್ಮನ ಮನೆ. ಆ ವಾರ ಅಲ್ಲಿ ಜೋರು ಮಳೆ. ಶನಿವಾರ ರಾತ್ರಿ ಮೊಸರನ್ನ ತಿಂದು ಎಂಟಕ್ಕೆ ಮಲಗಿದೆ. ನಿದ್ದೆ ಬರಲಿಲ್ಲ.

ನಸುಕಿನಲ್ಲಿ ಕಂಠೀರವ ಸ್ಟೇಡಿಯಂ. ಲೈಟು, ಹಾಡು, ಸಾವಿರಾರು ಜನ. ಅವ್ವ ನನ್ನ ಕೈ ಬಿಡಲಿಲ್ಲ. ಟ್ರ್ಯಾಕ್ ಪ್ಯಾಂಟ್ ಹಾಕಿದ ಐವತ್ತು, ಅರವತ್ತು ವರ್ಷದ ಹೆಂಗಸರು, ನನಗಿಂತ ದಪ್ಪ ಇರೋರು, ಎಲ್ಲರೂ ಎದೆಗೆ ನಂಬರ್ ಚುಚ್ಚಿಕೊಂಡು ನಗ್ತಾ ನಿಂತಿದ್ರು. ಅವ್ವ ಒಂದಿಷ್ಟು ಹೊತ್ತು ನೋಡಿ ಮೆಲ್ಲಗೆ ಕೇಳಿದ್ರು, 'ಇವರಿಗೆಲ್ಲ ಡಾಕ್ಟರ್ ಹೇಳ್ಯಾರೇನು?' (ನಗು) ನಾನು ಹೇಳಿದೆ, 'ಇಲ್ಲವ್ವ. ನನಗೂ ಹೇಳಿರಲಿಲ್ಲ.'

ಮೊದಲ ಅರ್ಧ ಚೆನ್ನಾಗಿ ಆಯ್ತು. ಬಳ್ಳಾರಿ ಬಿಸಿಲಲ್ಲಿ ಓಡಿದವಳಿಗೆ ಬೆಂಗಳೂರಿನ ಬೆಳಗು ಫ್ರಿಜ್ ಬಾಗಿಲು ತೆಗೆದಂಗೆ. ಹಾಫ್ ದಾಟಿದಾಗ 2 ಗಂಟೆ 46 ನಿಮಿಷ.

30 ಆದ ಮೇಲೆ ಅಸಲಿ ಓಟ. ಓಟಗಾರರು ಇದನ್ನ 'ಗೋಡೆ' ಅಂತಾರೆ. ಇದಕ್ಕೂ ಲೆಕ್ಕ ಇದೆ. ನನ್ನ ತೂಕಕ್ಕೆ 42 ಕಿಲೋಮೀಟರ್ ಓಡೋಕೆ ಸುಮಾರು 3400 ಕ್ಯಾಲೊರಿ ಬೇಕು. ಮೈ ತಕ್ಷಣ ಬಳಸೋ ಹಾಗೆ ಖಂಡದಲ್ಲಿ, ಲಿವರ್‌ನಲ್ಲಿ ಕೂಡಿಟ್ಟಿರೋ ಸಕ್ಕರೆ ಅಂಶ 2000 ಕ್ಯಾಲೊರಿ ಆಸುಪಾಸು. ಕೊಬ್ಬು ಬೇಕಾದಷ್ಟಿದೆ, ಆದ್ರೆ ಅದು ಫಿಕ್ಸೆಡ್ ಡೆಪಾಸಿಟ್ ಇದ್ದಂಗೆ, ಬೇಗ ಬಿಡಿಸೋಕೆ ಬರಲ್ಲ. ಅದಕ್ಕೇ ದಾರಿಯುದ್ದಕ್ಕೂ ತಿನ್ನಬೇಕು. ಏಪ್ರಿಲ್‌ನಲ್ಲಿ ಅರ್ಧ ರೊಟ್ಟಿ ಬೇಡ ಅಂದವಳು, ಪ್ರತಿ ಅರ್ಧ ಗಂಟೆಗೆ ಒಂದು ಖರ್ಜೂರ, ಒಂದು ಚೂರು ಬೆಲ್ಲ ತಿಂತಾ ಓಡಿದೆ. ಹಾಗಿದ್ದೂ 33ರಲ್ಲಿ ತೊಡೆ ಹಿಡ್ಕೊಂಡ್ತು. ನಾಲ್ಕು ನಿಮಿಷ ಓಟ ಎರಡಕ್ಕೆ ಇಳೀತು, ಆಮೇಲೆ ಒಂದಕ್ಕೆ. 37ರಲ್ಲಿ ಬರೀ ನಡಿಗೆ. ಒಬ್ಬ ಹಿರಿಯರು, ತಲೆ ಪೂರ್ತಿ ಬೆಳ್ಳಗೆ, ಪಕ್ಕದಲ್ಲೇ ನಡೀತಿದ್ರು. 'ಮೊದಲನೇದಾ?' ಅಂದ್ರು. ಹೌದು ಅಂದೆ. 'ಕಂಬ ಎಣಿಸ್ಕೊಂಡು ಹೋಗಮ್ಮ, ಕಿಲೋಮೀಟರ್ ಎಣಿಸಬೇಡ' ಅಂದ್ರು.

ಅವರಿಗೆ ಹೇಗೆ ಗೊತ್ತಾಯ್ತೋ. ಎರಡು ಕಂಬ ಓಡೋದು, ಮೂರು ಕಂಬ ನಡಿಯೋದು. ಒಂದು ವರ್ಷದ ಹಿಂದೆ ಕರೂರಿನಲ್ಲಿ ಮಾಡಿದ್ದೇ. ಹಾಗೇ ಸ್ಟೇಡಿಯಂ ಬಂತು.

5 ಗಂಟೆ 52 ನಿಮಿಷ. 1978ರಲ್ಲಿ ಜಲಂಧರ್‌ನಲ್ಲಿ ಶಿವನಾಥ್ ಸಿಂಗ್ ಇದೇ ದೂರವನ್ನ 2 ಗಂಟೆ 12 ನಿಮಿಷದಲ್ಲಿ ಓಡಿದ್ರು. ನಾನು ಮುಗಿಸೋ ಹೊತ್ತಿಗೆ ಅವರು ಎರಡು ಸಲ ಓಡಿ, ಸ್ನಾನ ಮಾಡಿ, ಊಟಕ್ಕೆ ಕೂತಿರ್ತಿದ್ರು. (ನಗು) ಅಪ್ಪ ಫೋನಲ್ಲಿ ಕೇಳಿದ್ದು ಒಂದೇ, 'ಎಷ್ಟನೇ ನಂಬರ್ ಬಂದಿ?' ಹೇಳಲಿಲ್ಲ. ನಾನೂ ನೋಡಿರಲಿಲ್ಲ.

ಅವ್ವ ಬೇಲಿ ಹತ್ರ ನಿಂತಿದ್ರು. ಓಡಿ ಬಂದು ಮೊದಲು ನನ್ನ ಮುಖ ಮುಟ್ಟಿ ನೋಡಿದ್ರು, ಜ್ವರ ನೋಡೋ ಹಾಗೆ. ಫುಟ್‌ಪಾತ್ ಮೇಲೆ ಕೂತು ಎರಡು ಶೇಂಗಾ ಹೋಳಿಗೆ ತಿಂದೆ. ಅವರೂ ಒಂದು ತಿಂದ್ರು.

ಕೊನೆಯ ಲೆಕ್ಕ

ನೀವು ಕೇಳಬೇಕು ಅಂದ್ಕೊಂಡಿರೋದು ನನಗೆ ಗೊತ್ತು. ಎಷ್ಟು ಇಳಿದೆ? ಶುರುವಿನಲ್ಲಿ 96.4. ಮೂರ್ಛೆ ಹೋದಾಗ 83. ಓಟದ ವಾರ 82. ಅಂದ್ರೆ ಆ ಕೊನೆಯ ಆರು ತಿಂಗಳಲ್ಲಿ ಬರೀ ಒಂದು ಕಿಲೋ. ಅದೇ ಆರು ತಿಂಗಳಲ್ಲಿ 5 ಕಿಲೋಮೀಟರ್ ಓಟ 43 ನಿಮಿಷದಿಂದ 36ಕ್ಕೆ ಬಂತು, ರಕ್ತ 8.4ರಿಂದ 11.8ಕ್ಕೆ ಏರ್ತು. ಡಾಕ್ಟರ್ ಗೋಡೆ ಮೇಲಿನ ಚಾರ್ಟ್ ಪ್ರಕಾರ ನಾನು ಇವತ್ತಿಗೂ ಬೊಜ್ಜಿನ ಪಟ್ಟಿಯಲ್ಲೇ ಇದ್ದೀನಿ. ಇನ್ನೂ ಇಳಿಸಬೇಕು, ಇಳಿಸ್ತೀನಿ, ಉಂಡು ಇಳಿಸ್ತೀನಿ.

ಧೈರ್ಯ ಎಲ್ಲಿಂದ ಬಂತು ಅಂತ ಮೇಡಂ ಬೆಳಿಗ್ಗೆ ಕೇಳಿದ್ರು. ಯೋಚನೆ ಮಾಡಿದೆ. ತೂಕ ಇಳಿದ ಕೂಡಲೇ ಧೈರ್ಯ ಬರ್ತದೆ ಅಂದ್ಕೊಂಡಿದ್ದೆ. ಜನ ಅತಿ ಹೆಚ್ಚು ಹೊಗಳಿದ ಮಾರ್ಚ್‌ನಲ್ಲಿ ನಾನು ಅತಿ ಹೆಚ್ಚು ಹೆದರಿದ್ದೆ, ಎಲ್ಲಿ ವಾಪಸ್ ಬರ್ತದೋ ಅಂತ. ವೇದಿಕೆ ಹತ್ತೋ ಧೈರ್ಯ ಆಗಲೂ ಇರಲಿಲ್ಲ. ಅದು ಬಂದಿದ್ದು ಕಾಲುವೆ ದಂಡೆ ಮೇಲೆ, ದಿನಾ ಜನರ ಕಣ್ಣ ಮುಂದೆ ಓಡಿ ಓಡಿ. ಬಂದ ದಿನ ಯಾವುದು ಅಂತ ನನಗೆ ಗೊತ್ತಿಲ್ಲ, ಶೀಟಲ್ಲಿ ಅದಕ್ಕೆ ಕಾಲಂ ಇಟ್ಟಿರಲಿಲ್ಲ.

ನಿಮ್ಮಲ್ಲಿ ಯಾರಾದ್ರೂ ಶುರು ಮಾಡ್ತೀರಾದ್ರೆ, ಮೊದಲು ರಕ್ತ ಪರೀಕ್ಷೆ ಮಾಡಿಸಿ. ಮನೆಯವರಿಗೆ ನಿಜ ಹೇಳಿ. ಮೊದಲ ವರ್ಷವೇ ಪೂರ್ತಿ ಮ್ಯಾರಥಾನ್ ಬೇಡ; 10 ಕಿಲೋಮೀಟರ್ ಓಡಿ, ಆಮೇಲೆ ಹಾಫ್. ಊಟ ಬಿಡಬೇಡಿ.

ಈಗ ಮಾತು ಮುಗೀತು. ಆ ಹುಡುಗ ಆಗ್ಲಿಂದ ಕ್ಯಾಮೆರಾ ಹಿಡ್ಕೊಂಡು ಮೂಲೆಯಲ್ಲಿ ನಿಂತಿದ್ದಾನೆ, ತೆಗೀಲೋ ಬೇಡವೋ ಅಂತ ನೋಡ್ತಿದ್ದಾನೆ. ತೆಗಿಯಪ್ಪ. ಪೂರ್ತಿ ತೆಗಿ, ತಲೆಯಿಂದ ಶೂವರೆಗೆ.

ಮುಂದಿನ ಸಂಚಿಕೆ ಮತ್ತೆ ಕರೂರಿನಿಂದ, ಕೌದಿ ಹಿಂದಿನಿಂದ. ಅಲ್ಲಿವರೆಗೂ ಆರಾಮಾಗಿರಿ. ನಮಸ್ಕಾರ.